ಫ್ರೀಜರ್‌ನಿಂದ ತೆಗೆದ ಹಿತಕಿದ ಬೇಳೆಯನ್ನು ‘ಕರಗಿಸ’ಬಹುದೇ?

ಬೆಂಗಳೂರಿನ ಆಹಾರ ತಯಾರಕರೊಬ್ಬರ ಪೊಟ್ಟಣಗಳ ಕನ್ನಡ ಬರಹವನ್ನು ತಿದ್ದುತ್ತಿದ್ದೇನೆ. ಚಳಿಗಾಲದ ಅವರೆಯನ್ನು ಹಿತಕಿ, ಫ್ರೀಜರ್‌ನಲ್ಲಿಟ್ಟು, ಅವರೆ ಸಿಗದ ತಿಂಗಳುಗಳಲ್ಲಿ ಮಾರುತ್ತಾರೆ. ಪೊಟ್ಟಣದ ಹಿಂಬದಿಗೆಂದು ಬಂದ ಕರಡಿನಲ್ಲಿ ‘ಬಳಸುವ ಮೊದಲು ಬೇಳೆಯನ್ನು ಚೆನ್ನಾಗಿ ಕರಗಿಸಿ’ ಎಂದಿದೆ. ಹಿತಕಿದ ಬೇಳೆಯ ಸಾರು ಉಂಡು ಬೆಳೆದವರಿಗೆ ಇದು ಕಸಿವಿಸಿ ತರುವ ಮಾತು. ತೊಗರಿಬೇಳೆ ಬೆಂದು ಕರಗುತ್ತದೆ, ಕರಗಲೇಬೇಕು. ಹಿತಕಿದ ಬೇಳೆ ಕರಗಿದರೆ ಅಡುಗೆ ಕೆಟ್ಟಿತು ಎಂದೇ ಅರ್ಥ. ಮಂಜುಗಟ್ಟಿದ್ದನ್ನು ಮೊದಲಿನ ಸ್ಥಿತಿಗೆ ತರುವುದಕ್ಕೆ ನಾವು ಏನೆನ್ನಬೇಕು?

ಕೇಳುವ ಮೊದಲು ಸ್ವಲ್ಪ ಹುಡುಕಾಡಿದೆ. ‘ಕರಗು’ ಎಂದರೆ ಗಟ್ಟಿ ಪದಾರ್ಥ ನೀರಾಗುವುದು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಬಳಕೆ ಅಷ್ಟಕ್ಕೆ ನಿಂತಿಲ್ಲ. ಆಲಿಕಲ್ಲು ಕರಗುತ್ತದೆ, ಸರಿ. ಡಬ್ಬಿಯಲ್ಲಿಟ್ಟ ಕರ್ಪೂರವೂ ಕರಗುತ್ತದೆ. ಅದು ದ್ರವವಾಗದೆ ನೇರವಾಗಿ ಆವಿಯಾಗುತ್ತದೆ, ಶಾಲೆಯ ಪುಸ್ತಕ ಅದನ್ನು ಉತ್ಪತನ ಎನ್ನುತ್ತದೆ. ಡಿಸೆಂಬರ್ ಬೆಳಗಿನಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣದ ಮೇಲೆ ಕವಿದ ಮಂಜು ಬಿಸಿಲೇರಿದಂತೆ ಕರಗುತ್ತದೆ. ಆ ಮಂಜು ಮೊದಲೇ ನೀರಿನ ಹನಿ, ಇನ್ನೊಮ್ಮೆ ನೀರಾಗುವ ಪ್ರಶ್ನೆಯೇ ಇಲ್ಲ. ಜನ ಸೇರಿದ್ದು ಕರಗುತ್ತದೆ, ಅಪ್ಪ ಮಾಡಿಟ್ಟ ಆಸ್ತಿ ಕರಗುತ್ತದೆ. ಇವೆಲ್ಲದರಲ್ಲಿ ಸಮಾನವಾಗಿರುವುದು ದ್ರವವಲ್ಲ, ಆಕಾರ ಕಳೆದುಕೊಳ್ಳುವುದು. ಕರಡಿನ ವಾಕ್ಯ ಮುಗ್ಗರಿಸುವುದು ಇಲ್ಲಿಯೇ. ಫ್ರೀಜರ್‌ನಿಂದ ಹೊರಬಂದ ಬೇಳೆಯ ಆಕಾರ ಹಾಗೆಯೇ ಇರುತ್ತದೆ, ಹೋಗುವುದು ಅದರೊಳಗಿನ ಮಂಜು.

ಪಾರಿಭಾಷಿಕ ಪದಗಳತ್ತ ತಿರುಗಿದರೆ ತೊಡಕು ಹೆಚ್ಚುತ್ತದೆ. ‘ಉಪ್ಪು 801 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ’ ಎಂದು ಬರೆದರೆ ಸಾರಿಗೆ ಉಪ್ಪು ಹಾಕಿದ ಯಾವ ಮಗುವಾದರೂ ನಕ್ಕೀತು. ಆದ್ದರಿಂದ ಪಠ್ಯಗಳಲ್ಲಿ ‘ದ್ರವನ ಬಿಂದು’ ಬಂತು, ನೀರಿನಲ್ಲಿ ಕರಗುವುದಕ್ಕೆ ‘ವಿಲೀನ’ ಬಂತು. ಈಗ ಪತ್ರಿಕೆ ಓದುವವರಿಗೆ ವಿಲೀನ ಎಂದೊಡನೆ ಬ್ಯಾಂಕು ನೆನಪಾಗುತ್ತದೆ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ವಿಲೀನವಾದಾಗ ಬೆಂಗಳೂರಿನವರೆಲ್ಲ ಆ ಪದವನ್ನು ಕಲಿತುಬಿಟ್ಟರು. ಪಕ್ಕದ ತಮಿಳಿನಲ್ಲಿ ಈ ತಾಪತ್ರಯವಿಲ್ಲ. ಅಲ್ಲಿ ಮಂಜು ‘ಉರುಗು’ತ್ತದೆ, ಸಕ್ಕರೆ ‘ಕರೈ’ಯುತ್ತದೆ. ಕನ್ನಡಕ್ಕೆ ಎರಡನೆಯದರ ಬಳಗದ ‘ಕರಗು’ ಉಳಿಯಿತು. ಮೊದಲನೆಯದರ ನೆಂಟ ‘ಉರ್ಕು’ ಎಂಬ ಹಳೆಯ ರೂಪದಿಂದ ನಮ್ಮ ‘ಉಕ್ಕು’ ಆಗಿ ಲೋಹದ ಹೆಸರಿನಲ್ಲಿ ಕುಳಿತಿದೆ. ಹಾಲು ಉಕ್ಕುವುದಕ್ಕೆ ಇದನ್ನು ಗಂಟು ಹಾಕಬೇಡಿ, ಅದು ಬೇರೆ ಪದ.

ಎರಡು ಪದ ಇಲ್ಲದ ಕೊರತೆಯನ್ನು ಕನ್ನಡ ವಿಭಕ್ತಿಯಿಂದ ತುಂಬಿಕೊಂಡಿದೆ ಎಂದು ನನಗನ್ನಿಸುತ್ತದೆ. ಮಂಜುಗಡ್ಡೆ ಬಿಸಿಲಿಗೆ ಕರಗುತ್ತದೆ, ಅರಗು ಶಾಖಕ್ಕೆ ಕರಗುತ್ತದೆ. ಸಕ್ಕರೆ ಹಾಲಿನಲ್ಲಿ ಕರಗುತ್ತದೆ, ಉಪ್ಪು ನೀರಿನಲ್ಲಿ ಕರಗುತ್ತದೆ. ‘-ಗೆ, -ಕ್ಕೆ’ ಬಂದರೆ ಕಾರಣ ಶಾಖ, ‘-ಅಲ್ಲಿ’ ಬಂದರೆ ದ್ರಾವಣ. ಎಲ್ಲ ಕಡೆ ಒಪ್ಪುವ ನಿಯಮವಲ್ಲ, ಆದರೂ ಆಡುವವರು ಸಾಮಾನ್ಯವಾಗಿ ಎಡವುವುದಿಲ್ಲ. ಬಾಯಲ್ಲಿ ಕರಗುವ ಮೈಸೂರು ಪಾಕನ್ನೇ ನೋಡಿ. ಅದರ ತುಪ್ಪ ನಾಲಿಗೆಯ ಬಿಸಿಗೆ ಕರಗುತ್ತದೆ, ಸಕ್ಕರೆ ಎಂಜಲಿನಲ್ಲಿ ಕರಗುತ್ತದೆ. ಎರಡೂ ಒಟ್ಟಿಗೆ ನಡೆಯುವಾಗ ಯಾವುದಕ್ಕೆ ಯಾವ ಪದ ಎಂದು ತಿನ್ನುವವನು ಯೋಚಿಸಬೇಕೇ?

ಅಡುಗೆಮನೆ ತನಗೆ ಬೇಕಾದ ಕಡೆ ಬಹಳ ನಿಖರ. ‘ಬೆಣ್ಣೆ ಕರಗಿಸು’ ಮತ್ತು ‘ಬೆಣ್ಣೆ ಕಾಯಿಸು’ ಒಂದೇ ಅಲ್ಲ. ಕರಗಿಸಿದ ಬೆಣ್ಣೆ ಬೆಣ್ಣೆಯೇ, ತಣಿದರೆ ಮತ್ತೆ ಗಟ್ಟಿಯಾಗುತ್ತದೆ. ಕಾಯಿಸಿದರೆ ತುಪ್ಪ. ಬೆಣ್ಣೆಯಲ್ಲಿ ಸುಮಾರು ಶೇ 80ರಷ್ಟು ಕೊಬ್ಬು, ಉಳಿದದ್ದರಲ್ಲಿ ಹೆಚ್ಚಿನದು ನೀರು. ಆ ನೀರು ಆರುವವರೆಗೆ ಚಟಪಟ ಸದ್ದು, ನೊರೆ. ಸದ್ದು ಇಳಿದು ತಳದ ಗಸಿ ಹೊಂಬಣ್ಣಕ್ಕೆ ತಿರುಗಿದಾಗ ವೀಳ್ಯದೆಲೆಯನ್ನೋ ನುಗ್ಗೆಸೊಪ್ಪನ್ನೋ ಹಾಕಿ ಒಲೆ ಆರಿಸುತ್ತಾರೆ. ಪಾಕ ಪುಸ್ತಕಗಳ ಅನುವಾದಗಳಲ್ಲಿ ‘ಬೆಣ್ಣೆ ಕಾಯಿಸಿ ಮೈದಾಗೆ ಸೇರಿಸಿ’ ಎಂದು ಓದಿದಾಗಲೆಲ್ಲ ಕೇಕ್ ಬದಲು ಬೇರೇನೋ ಆದೀತು ಎಂದು ಭಯವಾಗುತ್ತದೆ.

ಆದರೆ ಫ್ರೀಜರ್ ನಮ್ಮ ಅಡುಗೆಮನೆಗೆ ಬಂದದ್ದು ತಡವಾಗಿ, ಅದರ ಕ್ರಿಯಾಪದಗಳು ಇನ್ನೂ ಬಂದಿಲ್ಲ. ಹೋಗುವ ದಾರಿಗೆ ‘ಹೆಪ್ಪುಗಟ್ಟು’ ಇದೆ, ಮೊಸರಿನಿಂದ ಕಡ ತಂದದ್ದು. ಹಿಂದಿರುಗುವ ದಾರಿಗೆ ಏನೂ ಇಲ್ಲ. ‘ಚಳಿ ಬಿಡಿಸಿ’ ಎಂದರೆ ಅರ್ಥವೇನೋ ಹತ್ತಿರವಿದೆ, ಆದರೆ ಕನ್ನಡಿಗರ ಕಿವಿಗೆ ಬೇಳೆಯನ್ನು ಹಿಡಿದು ನಾಲ್ಕು ಬಾರಿಸಿ ಎಂದಂತೆ ಕೇಳುತ್ತದೆ. ‘ನಿರ್ಹಿಮೀಕರಿಸಿ’ ಎಂಬ ಸಲಹೆಯೂ ಬಂದಿತ್ತು. ಅದನ್ನು ಓದಿ ಮುಗಿಸುವಷ್ಟರಲ್ಲಿ ಬೇಳೆ ತಾನಾಗಿಯೇ ಸರಿಯಾಗಿರುತ್ತದೆ. ‘ತಣುವು ಇಳಿಸಿ’ ಸುಂದರವಾಗಿದೆ, ಆದರೆ ಎಷ್ಟು ಇಳಿಸಬೇಕು ಎಂಬುದು ಅಸ್ಪಷ್ಟ.

ಸದ್ಯಕ್ಕೆ ‘ಬೇಳೆಯ ಮಂಜು ಬಿಡುವವರೆಗೆ ನೀರಿನಲ್ಲಿಡಿ’ ಎಂದು ಬರೆದುಕೊಂಡಿದ್ದೇನೆ. ಬಣ್ಣ ಬಿಡುವಂತೆ, ಸಿಪ್ಪೆ ಬಿಡುವಂತೆ ಮಂಜೂ ಬಿಡಲಿ. ‘ಬಿಡು’ ಈ ಕೆಲಸಕ್ಕೆ ಪಳಗಿದ ಪದ, ‘ಮಂಜು ಬಿಡಿಸಿದ ಬೇಳೆ’ ಎಂದು ಮುಂದುವರಿಸಲೂ ಆಗುತ್ತದೆ. ಕರಾವಳಿಯವರು ಫ್ರೀಜರ್‌ನ ಮೀನನ್ನು ಹೊರಗೆ ತೆಗೆದಿಟ್ಟಾಗ ಏನೆನ್ನುತ್ತಾರೆ ಎಂಬುದು ಮುಖ್ಯವಾಗಿ ಬೇಕು. ತುಳು, ಬ್ಯಾರಿ, ಕೊಂಕಣಿ ಮಾತುಗಳಾದರೂ ತಿಳಿಸಿ. ಪೊಟ್ಟಣದ ಹಿಂಬದಿಯಲ್ಲಿ ಜಾಗ ಕಡಿಮೆ, ಒಂದೇ ಪದವಾದರೆ ಒಳ್ಳೆಯದು.