ಏಸ್ ಸ್ಪೆಕ್ ಕಾರ್ಡ್: ಹೆಸರಿಗೆ ಒಂದೋ, ಇಡೀ ಡೆಕ್ಕಿಗೆ ಒಂದೋ?

ಗಣಿತ ಶಿಕ್ಷಕಿ, ಮಂಡ್ಯ:

ನಮಸ್ಕಾರ. ನನ್ನ ಮಗ ಏಳನೇ ತರಗತಿಯಲ್ಲಿದ್ದಾನೆ. ಪೋಕೆಮಾನ್ ಕಾರ್ಡ್ ಆಟ ಅವನಿಗೂ ನಮ್ಮ ಬೀದಿಯ ಇನ್ನೂ ಕೆಲವು ಮಕ್ಕಳಿಗೂ ಚೆನ್ನಾಗಿ ಹಿಡಿಸಿದೆ. ಮೊನ್ನೆ ಭಾನುವಾರ ಅವನನ್ನು ಆಡಿಸಲೆಂದು ಮೈಸೂರಿಗೆ ಕರೆದುಕೊಂಡು ಹೋಗಿದ್ದೆ. ಅವನ ಡೆಕ್ಕಿನಲ್ಲಿ, ಅಂದರೆ ಆಡಲು ತಾನೇ ಆರಿಸಿ ಕಟ್ಟಿಕೊಂಡ ಕಾರ್ಡುಗಳ ಕಟ್ಟಿನಲ್ಲಿ, ಪ್ರೈಮ್ ಕ್ಯಾಚರ್ ಒಂದು, ಮಾಸ್ಟರ್ ಬಾಲ್ ಒಂದು ಇದ್ದವು. ಎರಡೂ ಏಸ್ ಸ್ಪೆಕ್ ಎಂಬ ಹೆಚ್ಚು ಬಲದ ಗುಂಪಿನ ಕಾರ್ಡುಗಳು. ಎದುರಿಗೆ ಕುಳಿತಿದ್ದ ಹುಡುಗ ಆಕ್ಷೇಪಿಸಿದ. ಆಟ ನಡೆಸುತ್ತಿದ್ದವರು ಬಂದು ಒಂದನ್ನು ತೆಗೆಸಿದರು, ಕಾರಣ ಹೇಳಲಿಲ್ಲ. ಹನ್ನೆರಡು ವರ್ಷದ ಹುಡುಗನಿಗೆ ಸೋತದ್ದಕ್ಕಿಂತ ಅದು ಹೆಚ್ಚು ನೋವು ಕೊಟ್ಟಿತು.

ಅವನ ವಾದ ಇದು: ಒಂದೇ ಹೆಸರಿನ ಕಾರ್ಡನ್ನು ನಾಲ್ಕರವರೆಗೆ ಹಾಕಬಹುದು, ಎಂದರೆ ಎಣಿಕೆ ಹೆಸರಿನ ಮೇಲೆ. ಪ್ರೈಮ್ ಕ್ಯಾಚರ್ ಬೇರೆ, ಮಾಸ್ಟರ್ ಬಾಲ್ ಬೇರೆ. ಹಾಗಿದ್ದ ಮೇಲೆ ತಲಾ ಒಂದು ಯಾಕೆ ಹಾಕಬಾರದು? ನನಗೂ ತರ್ಕದಲ್ಲಿ ತಪ್ಪು ಕಾಣಲಿಲ್ಲ. ದಯವಿಟ್ಟು ಯಾರಾದರೂ ಬಿಡಿಸಿ ಹೇಳಿ.

ಇನ್ನೊಂದು ವಿಷಯ. ಬೀದಿಯ ಮಕ್ಕಳು ತಮ್ಮಷ್ಟಕ್ಕೆ ಒಂದು ನಿಯಮ ಮಾಡಿಕೊಳ್ಳಲು ಹೊರಟಿದ್ದಾರೆ: "ಇಎಕ್ಸ್ ಕಾರ್ಡ್ ಡೆಕ್ಕಿಗೆ ಒಂದೇ." ಇಎಕ್ಸ್ ಎಂದರೆ ಹೆಸರಿನ ಕೊನೆಗೆ ಆ ಗುರುತಿರುವ, ಹೆಚ್ಚು ಬಲದ ಪೋಕೆಮಾನ್. ಅವರಲ್ಲಿ ಒಬ್ಬನ ಬಳಿ ಅಂಥವು ಬಹಳ ಇವೆ. ಇದು ಒಳ್ಳೆಯ ಯೋಚನೆಯೇ?

ಕಾಲೇಜು ವಿದ್ಯಾರ್ಥಿ, ಕುವೆಂಪುನಗರ:

ಮೇಡಂ, ಏಸ್ ಸ್ಪೆಕ್ ಇಡೀ ಡೆಕ್ಕಿಗೆ ಒಂದೇ. ಹೆಸರು ಬೇರೆ ಇದ್ದರೂ ಎರಡನೆಯದಕ್ಕೆ ಅವಕಾಶವಿಲ್ಲ. ಕಾರ್ಡಿನ ಕೆಳಭಾಗದಲ್ಲೇ ಆ ನಿಯಮ ಅಚ್ಚಾಗಿರುತ್ತದೆ, ಮಗನಿಗೆ ತೋರಿಸಿ.

ಹಳೆಯ ಆಟಗಾರ, ಸರಸ್ವತಿಪುರಂ:

ಮೇಲಿನ ಉತ್ತರ ಸರಿಯಾಗಿದೆ. ಆದರೆ ಮಗು ಕೇಳಿದ್ದು ಕಾರಣವನ್ನು. ಅದನ್ನು ಹೇಳದೆ ಕಾರ್ಡ್ ತೆಗೆಸಿದ್ದು ಸರಿಯಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಈ ಆಟದ ಅರ್ಧ ಸೊಗಸು ಡೆಕ್ ಕಟ್ಟುವುದರಲ್ಲೇ ಇದೆ. ನಿಯಮದ ಹಿಂದಿನ ಲೆಕ್ಕ ತಿಳಿಯದಿದ್ದರೆ ಕಟ್ಟುವುದು ಹೇಗೆ?

ನಿಮ್ಮ ಮಗ ಹೇಳಿದ ಹೆಸರಿನ ಎಣಿಕೆ ಈ ಆಟದ ಮೂಲ ನಿಯಮ. ಡೆಕ್ಕಿನಲ್ಲಿ ಸರಿಯಾಗಿ 60 ಕಾರ್ಡ್, ಒಂದೇ ಹೆಸರಿನದು ಹೆಚ್ಚೆಂದರೆ 4, ಬೇಸಿಕ್ ಎನರ್ಜಿಗೆ (ದಾಳಿಗೆ ಬೇಕಾದ ಶಕ್ತಿ ಕೊಡುವ ಸಾಮಾನ್ಯ ಕಾರ್ಡಿಗೆ) ಮಾತ್ರ ಮಿತಿಯಿಲ್ಲ. ಚಿತ್ರ ಬೇರೆ, ಸರಣಿ ಬೇರೆ, ದಾಳಿ ಬೇರೆ ಇದ್ದರೂ ಪಿಕಾಚು ಎಂದರೆ ಪಿಕಾಚುವೇ. ಎಲ್ಲ ಸೇರಿ ನಾಲ್ಕು. ಪಿಕಾಚು ಇಎಕ್ಸ್ ಎಂಬುದು ಬೇರೆ ಹೆಸರು, ಅದಕ್ಕೆ ಬೇರೆ ನಾಲ್ಕು.

ಇದರ ಮೇಲೆ ಎರಡನೆಯ ಬಗೆಯ ಮಿತಿಯೊಂದು ಕೂರುತ್ತದೆ. ಅದು ಹೆಸರನ್ನು ನೋಡುವುದಿಲ್ಲ, ಗುಂಪನ್ನು ನೋಡುತ್ತದೆ. ಏಸ್ ಸ್ಪೆಕ್ ಈ ಬಗೆಯದು. 2012ರಲ್ಲಿ ಮೊದಲು ಬಂದು, ನಡುವೆ ನಿಂತು, 2024ರ ಟೆಂಪೊರಲ್ ಫೋರ್ಸಸ್ ಸರಣಿಯಲ್ಲಿ ಮತ್ತೆ ಬಂತು. 2022ರ ರೇಡಿಯಂಟ್ ಪೋಕೆಮಾನ್‌ಗಳೂ ಹೀಗೆಯೇ, ಯಾವುದಾದರೂ ಒಂದು. ಕಾರಣ ತಿಳಿಯಬೇಕಾದರೆ ಮಾಸ್ಟರ್ ಬಾಲನ್ನು ಅಲ್ಟ್ರಾ ಬಾಲಿನ ಪಕ್ಕದಲ್ಲಿಟ್ಟು ನೋಡಿ. ಡೆಕ್ಕಿನಿಂದ ಬೇಕಾದ ಪೋಕೆಮಾನ್ ಹುಡುಕಿ ತರುವುದು ಎರಡರದೂ ಕೆಲಸ. ಅಲ್ಟ್ರಾ ಬಾಲ್ ಬಳಸಬೇಕಾದರೆ ಕೈಯಲ್ಲಿರುವ ಬೇರೆ ಎರಡು ಕಾರ್ಡ್ ಎಸೆಯಬೇಕು; ಮಾಸ್ಟರ್ ಬಾಲಿಗೆ ಏನನ್ನೂ ತೆರಬೇಕಾಗಿಲ್ಲ. ಪ್ರೈಮ್ ಕ್ಯಾಚರ್ ಕೂಡ ಹಾಗೆಯೇ. ಬಾಸಸ್ ಆರ್ಡರ್ಸ್ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ, ಎದುರಾಳಿಯ ಬೆಂಚಿನಲ್ಲಿ (ಹಿಂದಿನ ಸಾಲಿನಲ್ಲಿ) ಅಡಗಿರುವ ಪೋಕೆಮಾನನ್ನು ಮುಂದಕ್ಕೆ ಎಳೆಯುತ್ತದೆ. ಬಾಸಸ್ ಆರ್ಡರ್ಸ್ ಸಪೋರ್ಟರ್ ಎಂಬ ಬಗೆಯ ಕಾರ್ಡ್, ಒಂದು ಸರದಿಗೆ ಒಂದೇ ಸಪೋರ್ಟರ್. ಪ್ರೈಮ್ ಕ್ಯಾಚರ್ ಐಟಂ ಎಂಬ ಬಗೆಯದು ಆದ್ದರಿಂದ ಆ ಕಟ್ಟುಪಾಡಿಲ್ಲ, ಜೊತೆಗೆ ನಮ್ಮ ಮುಂದಿನ ಪೋಕೆಮಾನೂ ಬದಲಾಗುತ್ತದೆ.

ಅಂದರೆ ಏಸ್ ಸ್ಪೆಕ್ಕಿಗೆ ನಾವು ಬೆಲೆ ತೆರುವುದು ಆಡುವಾಗ ಅಲ್ಲ, ಕಟ್ಟುವಾಗ: ಒಂದನ್ನು ಆರಿಸಿದರೆ ಉಳಿದವೆಲ್ಲ ಕೈಬಿಟ್ಟಂತೆ. ಹೆಸರಿಗೊಂದು ಎಂದು ಬಿಟ್ಟಿದ್ದರೆ ಎಲ್ಲರೂ ಒಳ್ಳೆಯ ಏಸ್ ಸ್ಪೆಕ್‌ಗಳನ್ನೆಲ್ಲ ತುಂಬಿಕೊಂಡು ಬರುತ್ತಿದ್ದರು, ಎಲ್ಲರ ಡೆಕ್ಕೂ ಒಂದೇ ಥರ ಇರುತ್ತಿತ್ತು.

ನಿಮ್ಮ ಮಗನ ತರ್ಕ ಪೂರ್ತಿ ಹೊಂದುವ ಕಾರ್ಡುಗಳೂ ಈ ಆಟದಲ್ಲಿ ಇದ್ದವು, ಇದನ್ನು ಅವನಿಗೆ ಖಂಡಿತ ಹೇಳಿ. 2018ರಲ್ಲಿ ಬಂದ ಪ್ರಿಸಂ ಸ್ಟಾರ್ ಕಾರ್ಡುಗಳಿಗೆ ಇದ್ದದ್ದು ಹೆಸರಿಗೊಂದು ಎಂಬ ನಿಯಮ. ಹೆಸರು ಬೇರೆ ಇದ್ದರೆ ಹಲವನ್ನು ಹಾಕಬಹುದಿತ್ತು. ಅಲ್ಲಿ ತೂಕ ಸರಿಹೋಗುತ್ತಿದ್ದುದು ಬೇರೆ ರೀತಿಯಲ್ಲಿ: ಬಳಸಿದ ಮೇಲೆ ಅವು ಎಸೆದ ರಾಶಿಗೆ ಹೋಗದೆ, ಮರಳಿ ಪಡೆಯಲಾಗದ ಲಾಸ್ಟ್ ಜೋನ್‌ಗೆ ಹೋಗುತ್ತಿದ್ದವು.

ಮ್ಯಾಜಿಕ್ ಎಂಬ ಬೇರೊಂದು ಕಾರ್ಡ್ ಆಟದ ಲೆಜೆಂಡರಿ ಕಾರ್ಡುಗಳದು ಇನ್ನೊಂದೇ ದಾರಿ. ಸಾಮಾನ್ಯ 60 ಕಾರ್ಡಿನ ಆಟದಲ್ಲಿ ಅವನ್ನೂ ನಾಲ್ಕು ಹಾಕಬಹುದು. ನಿರ್ಬಂಧ ಇರುವುದು ಮೇಜಿನ ಮೇಲೆ. 2004ರಿಂದ ಕೆಲವು ವರ್ಷ, ಒಂದೇ ಹೆಸರಿನ ಎರಡು ಲೆಜೆಂಡರಿಗಳು ಎದುರುಬದುರಾದರೂ ಎರಡೂ ಹೋಗುತ್ತಿದ್ದವು. 2013ರಿಂದ ಪ್ರತಿ ಆಟಗಾರ ತನ್ನ ಕಡೆಯದನ್ನು ಮಾತ್ರ ನೋಡಿಕೊಂಡು ಒಂದನ್ನು ಉಳಿಸಿಕೊಂಡರೆ ಸಾಕು. ಯುಗಿಯೋ ಎಂಬ ಮತ್ತೊಂದು ಕಾರ್ಡ್ ಆಟದಲ್ಲಿ ಸಾಮಾನ್ಯ ಮಿತಿ ಮೂರು. ಯಾವುದು ಎರಡು, ಯಾವುದು ಒಂದು, ಯಾವುದು ಪೂರ್ತಿ ನಿಷಿದ್ಧ ಎಂಬುದನ್ನು ಪಟ್ಟಿ ಹೇಳುತ್ತದೆ, ಪಟ್ಟಿ ಬದಲಾಗುತ್ತಲೇ ಇರುತ್ತದೆ.

ಮಕ್ಕಳ ನಿಯಮದ ಬಗ್ಗೆ: ಬೇಡ. ಇಎಕ್ಸ್ ಒಂದು ಬಿದ್ದರೆ ಎದುರಾಳಿಗೆ ಒಂದರ ಬದಲು ಎರಡು ಪ್ರೈಜ್ ಕಾರ್ಡ್ (ಆರಂಭದಲ್ಲಿ ಪಕ್ಕಕ್ಕಿಟ್ಟ ಕಾರ್ಡುಗಳು, ತನ್ನವನ್ನೆಲ್ಲ ಮೊದಲು ತೆಗೆದುಕೊಂಡವನು ಗೆಲ್ಲುತ್ತಾನೆ) ಸಿಗುತ್ತದೆ. ಬಲಕ್ಕೆ ತಕ್ಕ ದಂಡ ಆಟದಲ್ಲೇ ಇದೆ. ಇಎಕ್ಸ್ ಒಂದೇ ಎಂದರೆ ಮೊದಲು ಸಾಯುವುದು ಚಾರ್ಮಾಂಡರನ್ನು ಹಂತ ಹಂತವಾಗಿ ಚಾರಿಜಾರ್ಡ್ ಇಎಕ್ಸ್‌ವರೆಗೆ ಬೆಳೆಸುವಂಥ ಡೆಕ್ಕುಗಳು. ಆ ಒಂದು ಕಾರ್ಡ್ ಕೈಗೆ ಬಾರದಿದ್ದರೆ ಅಲ್ಲಿಯವರೆಗೆ ಮಾಡಿದ್ದೆಲ್ಲ ವ್ಯರ್ಥ.

ಗಣಿತ ಶಿಕ್ಷಕಿ, ಮಂಡ್ಯ:

ತುಂಬಾ ಧನ್ಯವಾದಗಳು ಸರ್. ಮಗನಿಗೆ ಓದಿ ಹೇಳಿದೆ. ಪ್ರಿಸಂ ಸ್ಟಾರ್ ವಿಷಯ ಕೇಳಿ ಮುಖ ಅರಳಿತು.

ನಾನೂ ಲೆಕ್ಕ ಹಾಕಿ ನೋಡಿದೆ. ಒಂದೇ ಪ್ರತಿ ಇದ್ದರೆ ಮೊದಲ ಏಳು ಕಾರ್ಡುಗಳಲ್ಲಿ ಅದು ಬರುವ ಸಂಭವ 60ಕ್ಕೆ 7, ಅಂದರೆ ಸುಮಾರು ಶೇ 12. ನಾಲ್ಕು ಪ್ರತಿ ಇದ್ದರೆ ಒಂದಾದರೂ ಬರುವ ಸಂಭವ ಸುಮಾರು ಶೇ 40. ಬೇಸಿಕ್ ಪೋಕೆಮಾನ್ (ಬೆಳೆಯುವ ಮೊದಲಿನ ಹಂತದ್ದು) ಬಾರದೆ ಮತ್ತೆ ಕಲೆಸುವ ಸಂದರ್ಭವನ್ನು ಇದರಲ್ಲಿ ಸೇರಿಸಿಲ್ಲ. ಇಷ್ಟು ಕಡಿಮೆ ಇರುವಾಗ ಆ ಒಂದು ಕಾರ್ಡನ್ನು ನಂಬಿ ಡೆಕ್ ಕಟ್ಟಬಹುದೇ?

ಹಳೆಯ ಆಟಗಾರ, ಸರಸ್ವತಿಪುರಂ:

ನಂಬಿ ಕಟ್ಟಬಾರದು, ಬಂದರೆ ಲಾಭ ಎಂಬಂತೆ ಕಟ್ಟಬೇಕು. ನಿಮ್ಮ ಲೆಕ್ಕಕ್ಕೆ ಪ್ರೈಜ್ ಕಾರ್ಡುಗಳನ್ನೂ ಸೇರಿಸಿ. ಆಟದ ಆರಂಭದಲ್ಲೇ 6 ಕಾರ್ಡ್ ಮಗುಚಿ ಪಕ್ಕಕ್ಕೆ ಹೋಗುತ್ತವೆ. ನಿಮ್ಮ ಏಕೈಕ ಏಸ್ ಸ್ಪೆಕ್ ಅವುಗಳಲ್ಲಿ ಸಿಕ್ಕಿಕೊಳ್ಳುವ ಸಂಭವ 60ಕ್ಕೆ 6, ಹತ್ತು ಆಟಕ್ಕೆ ಒಂದು. ನಾಲ್ಕು ಪ್ರತಿಯಿರುವ ಕಾರ್ಡಿನ ನಾಲ್ಕೂ ಅಲ್ಲಿಗೆ ಹೋಗುವುದು ಲಕ್ಷಕ್ಕೆ ಮೂರು ಸಲದಷ್ಟು.

ಮಗನಿಗೆ ಈ ಅಭ್ಯಾಸ ಕಲಿಸಿ: ಡೆಕ್ಕಿನಲ್ಲಿ ಹುಡುಕುವ ಅವಕಾಶ ಮೊದಲ ಸಲ ಸಿಕ್ಕಾಗ ತನಗೆ ಬೇಕಾದ ಕಾರ್ಡನ್ನಷ್ಟೇ ಅಲ್ಲ, ಒಂಟಿ ಕಾರ್ಡುಗಳೆಲ್ಲ ಇವೆಯೇ ಎಂದೂ ನೋಡಿಕೊಳ್ಳಬೇಕು. ಕೈಯಲ್ಲೂ ಇಲ್ಲ, ಡೆಕ್ಕಿನಲ್ಲೂ ಇಲ್ಲ ಎಂದರೆ ಅದು ಪ್ರೈಜಿನಲ್ಲಿದೆ. ಮುಂದಿನ ಯೋಜನೆಯನ್ನು ಅಲ್ಲಿಂದಲೇ ಬದಲಿಸಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರು ಪೋಷಿಸಿದ ನಮ್ಮ ಮೈಸೂರಿನ ಗಂಜೀಫಾ ಎಂಬ ಹಳೆಯ ಎಲೆಯಾಟದಲ್ಲೂ ಇದೇ ಎಚ್ಚರ ಬೇಕು. ದಶಾವತಾರ ಗಂಜೀಫಾದ 120 ಎಲೆಗಳಲ್ಲಿ ಪ್ರತಿಯೊಂದೂ ಒಂದೇ ಒಂದು. ಯಾವುದು ಇಳಿದಿದೆ, ಯಾವುದು ಉಳಿದಿದೆ ಎಂದು ನೆನಪಿಡದವನಿಗೆ ಆ ಆಟ ಒಲಿಯುವುದಿಲ್ಲ.

ಅಂಚೆ ನೌಕರ, ಮಂಡ್ಯ:

ಮೇಡಂ, ಮಕ್ಕಳಿಗೆ ಸಮಾನತೆ ಬೇಕಿದ್ದರೆ ಜಿಮ್ ಲೀಡರ್ ಚಾಲೆಂಜ್ ಆಡಿಸಿ. ಆಟಗಾರರೇ ರೂಪಿಸಿದ ಪದ್ಧತಿ ಅದು. 60 ಕಾರ್ಡ್, ಪ್ರತಿ ಹೆಸರೂ ಒಂದೇ, ಪೋಕೆಮಾನ್‌ಗಳೆಲ್ಲ ಒಂದೇ ಬಗೆಯವು. ಬೆಂಕಿ ಎಂದರೆ ಬೆಂಕಿ, ನೀರು ಎಂದರೆ ನೀರು. ಇಎಕ್ಸ್ ಇಲ್ಲ, ಏಸ್ ಸ್ಪೆಕ್ ಕೂಡ ಇಲ್ಲ. ಒಂದೊಂದು ಪ್ರತಿ ಸಾಕಾಗುವುದರಿಂದ ಖರ್ಚು ಕಡಿಮೆ. ನನ್ನ ತಂಗಿಯ ಮಕ್ಕಳು ಡಬ್ಬಿಯಲ್ಲಿ ಬಿದ್ದಿದ್ದ ಹಳೆಯ ಕಾರ್ಡುಗಳಿಂದಲೇ ಕಟ್ಟಿಕೊಂಡಿದ್ದಾರೆ.

ಗಣಿತ ಶಿಕ್ಷಕಿ, ಮಂಡ್ಯ:

ಇದು ನಮ್ಮ ಬೀದಿಗೆ ಹೇಳಿ ಮಾಡಿಸಿದಂತಿದೆ! ಆದರೆ ಪ್ರತಿ ಹೆಸರೂ ಒಂದೇ ಎಂದರೆ ಪೋಕೆಮಾನ್ ಬೆಳೆಸುವುದು ಹೇಗೆ?

ಹಳೆಯ ಆಟಗಾರ, ಸರಸ್ವತಿಪುರಂ:

ಚಾರ್ಮಾಂಡರ್ ಒಂದು, ಚಾರ್ಮಿಲಿಯನ್ ಒಂದು, ಚಾರಿಜಾರ್ಡ್ ಒಂದು. ಮೂರೂ ಬೇರೆ ಹೆಸರು, ಆದ್ದರಿಂದ ಅಡ್ಡಿಯಿಲ್ಲ. ಒಂದೇ ಸಾಲನ್ನು ನೆಚ್ಚಿಕೊಳ್ಳದೆ ಎರಡು ಮೂರು ಸಾಲು ಹಾಕಲಿ, ಹುಡುಕಿ ತರುವ ಬೇರೆ ಬೇರೆ ಬಾಲ್‌ಗಳು ಜೊತೆಗಿರಲಿ. ಬೇಸಿಕ್ ಎನರ್ಜಿ ಎಷ್ಟು ಬೇಕಾದರೂ ಹಾಕಬಹುದು, ಸ್ಪೆಷಲ್ ಎನರ್ಜಿ ಮಾತ್ರ ಹೆಸರಿಗೊಂದು. ಅದನ್ನು ಆಟ ಶುರುವಾಗುವ ಮೊದಲೇ ಎಲ್ಲ ಮಕ್ಕಳಿಗೂ ಕಾರಣ ಸಮೇತ ಹೇಳಿಬಿಡಿ.