ತಂತಿ ಬಲೆಯೊಳಗೆ ಕಲ್ಲು ತುಂಬಿ ಕಟ್ಟಿದ ಗೋಡೆಗೆ ಏನನ್ನೋಣ?

ಗೆಳೆಯರೆ, ಒಂದು ಪದ ಬೇಕಿತ್ತು.

ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯಲ್ಲಿರುವ ಡಾಮಿನಸ್ ವೈನರಿಯ (ವೈನ್ ತಯಾರಿಸುವ ಜಾಗ) ಕಟ್ಟಡದ ಬಗ್ಗೆ ಬರೆಯುತ್ತಿದ್ದೇನೆ. ಸ್ವಿಟ್ಜರ್ಲೆಂಡಿನ ಹೆರ್ಝಾಗ್ ಮತ್ತು ಡಿ ಮ್ಯೂರಾನ್ ಎಂಬ ವಾಸ್ತುಶಿಲ್ಪಿ ಜೋಡಿಯ ವಿನ್ಯಾಸ, 1998ರಲ್ಲಿ ಮುಗಿದದ್ದು. ಸುಮಾರು 100 ಮೀಟರ್ ಉದ್ದ. ಇದರ ಹೊರಗೋಡೆ ಪೂರ್ತಿ ಗೇಬಿಯನ್. ಅಂದರೆ ಉಕ್ಕಿನ ತಂತಿಯ ಬಲೆಪೆಟ್ಟಿಗೆಗಳಿಗೆ ಆ ಕಡೆಯದೇ ಕಪ್ಪು ಬಸಾಲ್ಟ್ ಕಲ್ಲು ತುಂಬಿ ಒಂದರ ಮೇಲೊಂದು ಪೇರಿಸಿದ್ದಾರೆ, ಕಲ್ಲಿನ ನಡುವೆ ಗಾರೆ ಇಲ್ಲ, ಸಿಮೆಂಟ್ ಇಲ್ಲ. ಬುಡದಲ್ಲಿ ಹಾವು ಸೇರಿಕೊಳ್ಳಬಾರದು ಅಂತ ಬಲೆಯ ಕಣ್ಣು ಸಣ್ಣ, ಕಲ್ಲೂ ಒತ್ತೊತ್ತು. ಬೇರೆ ಕಡೆ ದಪ್ಪ ಕಲ್ಲು, ಸಡಿಲ. ಆ ಸಂದಿಗಳಿಂದ ಬಿಸಿಲು ಚೂರುಚೂರಾಗಿ ಒಳಗೆ ಬೀಳುತ್ತದೆ. ನಾಪಾದಲ್ಲಿ ಹಗಲು ಸೆಕೆ, ರಾತ್ರಿ ಚಳಿ ಅಲ್ವಾ, ಒಳಗೆ ಎರಡೂ ಜಾಸ್ತಿ ತಟ್ಟದ ಹಾಗೆ ಈ ಕಲ್ಲೇ ತಡೆಯುತ್ತದೆ.

ಈಗ ಪದ. 'ಕಲ್ಲು ಪಿಚಿಂಗ್' ಅನ್ನೋಣ ಅಂದರೆ ಅದು ಕೆರೆ ಏರಿಗೆ ಹಾಸುವ ಕಲ್ಲು, ಬಲೆ ಇಲ್ಲ. 'ಕಲ್ಲುಬುಟ್ಟಿ' ಅಂದ ಕೂಡಲೇ ತಲೆ ಮೇಲೆ ಹೊರುವ ಬುಟ್ಟಿ ಕಣ್ಣಿಗೆ ಬರುತ್ತದೆ. ಒಬ್ಬರು 'ಜಾಲಂಧ್ರ' ಅಂದರು. ಬೆಳಕಿನ ವಿಷಯಕ್ಕೆ ಒಪ್ಪುತ್ತದೆ ನಿಜ, ಆದರೆ ಬೇಲೂರಿನ ಗುಡಿಯ ಜಾಲಂಧ್ರ ಕಲ್ಲನ್ನು ಕೊರೆದು ಮಾಡಿದ ಕಿಟಕಿ, ಇಲ್ಲಿ ಯಾರೂ ಏನೂ ಕೊರೆದಿಲ್ಲ, ಸುಮ್ನೆ ತುಂಬಿದ್ದಾರೆ. ಇಟಾಲಿಯನ್ ಮೂಲದಲ್ಲಿ 'ಗೇಬಿಯನ್' ಪದಕ್ಕೆ ದೊಡ್ಡ ಪಂಜರ ಅಂತಲೇ ಅರ್ಥ. ಹಾಗಾಗಿ ಒಂದೊಂದು ಪೆಟ್ಟಿಗೆಗೆ 'ಕಲ್ಲುಪಂಜರ', ಇಡೀ ಗೋಡೆಗೆ 'ಬಲೆಗಲ್ಲು ಗೋಡೆ' ಅಂತ ಸದ್ಯಕ್ಕೆ ಬರೆದಿಟ್ಟಿದ್ದೇನೆ. ಎರಡನೆಯದು ನನಗೆ ಇಷ್ಟ, ಬೀಸುಗಲ್ಲು, ಮೈಲಿಗಲ್ಲುಗಳ ಹಾಗೆ ಬಾಯಿಗೆ ಕೂರುತ್ತದೆ.

ಇನ್ನೊಂದು ಚಿಕ್ಕ ವಿಷಯ. ವೈನ್ ಮಾಗಲು ಓಕ್ ಪೀಪಾಯಿಗಳನ್ನಿಡುವ ಜಾಗಕ್ಕೆ ಎಲ್ಲರೂ 'ನೆಲಮಾಳಿಗೆ' ಅಂತ ಬರೆಯುತ್ತಾರೆ. ಇಲ್ಲಿ ಅದು ನೆಲದ ಮಟ್ಟದಲ್ಲೇ ಇದೆ. 'ಪೀಪಾಯಿ ಕೋಣೆ' ಸಾಕಲ್ವಾ?

ನಮ್ಮ ಘಾಟಿ ರಸ್ತೆಗಳಲ್ಲಿ ಗುಡ್ಡ ಜರಿಯದಂತೆ ಇದೇ ಬಲೆಪೆಟ್ಟಿಗೆ ಇಡುತ್ತಾರೆ. ಅಂಥ ಕೆಲಸ ಮಾಡಿಸಿದವರು ಈ ಗುಂಪಿನಲ್ಲಿ ಇದ್ದರೆ ಹೇಳಿ, ಅಲ್ಲಿ ಮೇಸ್ತ್ರಿಗಳು, ಕಲ್ಲು ತುಂಬುವವರು ಇದನ್ನು ಏನಂತ ಕರೆಯುತ್ತಾರೆ? ಗೇಬಿಯನ್ ಅಂತಲೇನಾ, ಬೇರೆ ಏನಾದರೂ ಇದೆಯಾ? ಇದ್ದರೆ ನನ್ನ ಎರಡೂ ಪದ ಬಿಟ್ಟು ಅದನ್ನೇ ಹಾಕುತ್ತೇನೆ.