ಅಡಮಾನ, ಭೋಗ್ಯ, ಒತ್ತೆ, ಈಡು: ಆಸ್ತಿ ಕೊಳ್ಳುವವರಿಗೆ ಯಾವುದನ್ನು ಎಲ್ಲಿ ಬರೆಯುವುದು?

ಎಲ್ಲರಿಗೂ ನಮಸ್ಕಾರ,

ಕೊಡಗಿನ ಗೋಣಿಕೊಪ್ಪದಿಂದ ಬರೆಯುತ್ತಿದ್ದೇನೆ. ನಮ್ಮ ಕಡೆ ಮನೆ, ಸೈಟು, ತೋಟ ಕೊಳ್ಳಲು ಸಾಲ ಹುಡುಕುವವರಿಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಮಾಡುತ್ತಿದ್ದೇವೆ. ಮಾದರಿಗೆ ಅಂತ ಬ್ಯಾಂಕುಗಳ ಕನ್ನಡ ಕಾಗದಗಳನ್ನು ತರಿಸಿ ನೋಡಿದರೆ ಎಲ್ಲದಕ್ಕೂ ಒಂದೇ ಪದ, ಅಡಮಾನ. ಜಾಗ ಬರೆದುಕೊಟ್ಟರೂ ಅಡಮಾನ, ಬರೀ ಪತ್ರ ಇಟ್ಟರೂ ಅಡಮಾನ, ಚಿನ್ನ ಇಟ್ಟರೂ ಅಡಮಾನ. ಜನ ಹಾಗೆ ಮಾತಾಡುವುದಿಲ್ಲ ಅಲ್ವಾ? ಚಿನ್ನವನ್ನು ಗಿರವಿ ಇಡುತ್ತಾರೆ, ಗದ್ದೆಯನ್ನು ಭೋಗ್ಯಕ್ಕೆ ಕೊಡುತ್ತಾರೆ, ಬ್ಯಾಂಕಿನಲ್ಲಿ ಪತ್ರ ಇಡುತ್ತಾರೆ. ಮೂರೂ ಬೇರೆ ವ್ಯವಹಾರ. ಒಂದೇ ಪದದ ಕೆಳಗೆ ಹಾಕಿದರೆ ಓದುವವರಿಗೆ ನಷ್ಟ. ನಾನು ಕಲೆಹಾಕಿದ್ದನ್ನು ಕೆಳಗೆ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ.

ಮೊದಲು ಭೋಗ್ಯ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಜಾಗ ಯಾರ ಕೈಯಲ್ಲಿ ಇರುತ್ತದೆ? ಭೋಗ್ಯದಲ್ಲಿ ಸಾಲ ಕೊಟ್ಟವನ ಕೈಗೆ ಹೋಗುತ್ತದೆ. ಅವನು ಗದ್ದೆಯಲ್ಲಿ ಭತ್ತ ಬೆಳೆದುಕೊಳ್ಳುತ್ತಾನೆ, ಆ ಬೆಳೆಯೇ ಬಡ್ಡಿ. ಅಸಲು ವಾಪಸ್ ಕೊಟ್ಟ ದಿನ ಗದ್ದೆ ಬಿಟ್ಟುಕೊಡುತ್ತಾನೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಸೆಕ್ಷನ್ ಆರು ಬಗೆಯ ಅಡಮಾನ ಹೇಳುತ್ತದೆ, ಅದರಲ್ಲಿ ಇದೂ ಒಂದು. ಸಾದಾ ಅಡಮಾನದಲ್ಲಿ ಹಾಗಲ್ಲ, ಜಾಗ ಸಾಲಗಾರನ ಹತ್ತಿರವೇ ಇರುತ್ತದೆ. ಸಾಲ ತೀರದಿದ್ದರೆ ಮಾರಿಸುವ ಹಕ್ಕು ಮಾತ್ರ ಸಾಲ ಕೊಟ್ಟವನಿಗೆ. ಭೋಗ್ಯ ಬಿಡಿಸಿಕೊಳ್ಳುವ ಹಕ್ಕಿನ ಬಗ್ಗೆ 2014ರಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯ ಮಾತು ಹೇಳಿದೆ. ಭೋಗ್ಯ ಬರೆದು ಇಷ್ಟು ವರ್ಷ ಕಳೆಯಿತು ಎಂಬ ಒಂದೇ ಕಾರಣಕ್ಕೆ ಆ ಹಕ್ಕು ಹೋಗುವುದಿಲ್ಲ. ಅಜ್ಜನ ಕಾಲದಲ್ಲಿ ಭೋಗ್ಯಕ್ಕೆ ಕೊಟ್ಟ ಜಾಗವನ್ನು ಮೊಮ್ಮಗ ಬಂದು ಕೇಳಬಹುದು. ಅಂಥ ಜಾಗವನ್ನು ಕೊಳ್ಳಲು ಹೊರಟವರಿಗೆ 'ಅಡಮಾನ ಇತ್ತು' ಅಂತ ಮಾತ್ರ ಹೇಳಿದರೆ ಸಾಕಾ? ಯಾವ ಅಡಮಾನ ಅನ್ನುವುದೇ ಮುಖ್ಯ.

ತೊಡಕು ಬರುವುದು ಬೆಂಗಳೂರಿನ ಭೋಗ್ಯದಿಂದ. ಅಲ್ಲಿ 'ಮನೆ ಭೋಗ್ಯಕ್ಕಿದೆ' ಅಂದರೆ ಒಂದು ದೊಡ್ಡ ಮೊತ್ತ ಒಟ್ಟಿಗೆ ಕೊಟ್ಟು, ಬಾಡಿಗೆ ಇಲ್ಲದೆ ಇದ್ದು, ಖಾಲಿ ಮಾಡುವಾಗ ದುಡ್ಡು ವಾಪಸ್ ತೆಗೆದುಕೊಳ್ಳುವುದು. ಲೀಸ್ ಅಂತಲೂ ಅನ್ನುತ್ತಾರೆ. ಹಳೆಯ ಅರ್ಥದ ಒಳಗೇ ಇದೆ, ಮನೆಯಲ್ಲಿ ವಾಸ ಇರುವುದೇ ಬಡ್ಡಿ. ಆದರೆ ಹೆಚ್ಚಿನವರು ಸ್ಟಾಂಪ್ ಪೇಪರ್ ಮೇಲೆ ಬರೆದುಕೊಂಡು ಸುಮ್ನೆ ಇರುತ್ತಾರೆ. ಅದೇ ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ 100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಅಡಮಾನ ನೋಂದಣಿ ಆಗಬೇಕು, ಇಬ್ಬರು ಸಾಕ್ಷಿ ಬೇಕು. ಮಾಲೀಕ ಮೊದಲೇ ಆ ಮನೆ ಮೇಲೆ ಬ್ಯಾಂಕ್ ಸಾಲ ಮಾಡಿದ್ದು, ಬ್ಯಾಂಕಿಗೆ ತಿಳಿಸದೆ ಭೋಗ್ಯಕ್ಕೆ ಕೊಟ್ಟಿದ್ದು, ಆಮೇಲೆ ಕಂತು ನಿಲ್ಲಿಸಿದರೆ ಭೋಗ್ಯಕ್ಕೆ ಬಂದವರು ಬೀದಿಗೆ ಬೀಳುತ್ತಾರೆ. ಮಕ್ಕಳನ್ನು ಓದಿಸಲು ಬೆಂಗಳೂರಿಗೆ ಹೋಗುವ ನಮ್ಮವರು ಬಹಳ ಮಂದಿ ಹೀಗೆ ದುಡ್ಡು ಹಾಕುತ್ತಾರೆ. ಹಾಗಾಗಿ ಕೈಪಿಡಿಯಲ್ಲಿ ಎರಡನ್ನೂ ಬೇರೆ ಮಾಡಲು 'ಭೋಗ್ಯ ಅಡಮಾನ' ಮತ್ತು 'ಮನೆ ಭೋಗ್ಯ' ಎಂದು ಬರೆದಿದ್ದೇನೆ. ಇದು ನಿಮಗೆ ಸರಿ ಕಾಣುತ್ತದಾ?

ಒತ್ತೆ ಇನ್ನೊಂದು ಕಥೆ. ಕನ್ನಡದಲ್ಲಿ ಒತ್ತೆ ಅಂದರೆ ಭರವಸೆಗೆ ಇಟ್ಟದ್ದು, ಒತ್ತೆಯಾಳು ಅನ್ನುವುದೂ ಅದರಿಂದಲೇ. ಮನೆ, ಚಿನ್ನ, ಮಾತು, ಪ್ರಾಣ ಯಾವುದನ್ನೂ ಒತ್ತೆ ಇಡಬಹುದು. ಆದರೆ ವಿರಾಜಪೇಟೆ, ಸಿದ್ದಾಪುರದ ಕಡೆ ಮಲಯಾಳ ಮಾತಾಡುವ ಮನೆಗಳೂ ಬಹಳ. ಮಲಯಾಳದ 'ಒಟ್ಟಿ'ಗೆ ಜಾಗದ ಸ್ವಾಧೀನ ಕೊಟ್ಟು ಮಾಡುವ ಸಾಲ ಎಂಬ ಅರ್ಥ ಇದೆ, ತಮಿಳಿನ 'ಒತ್ತಿ'ಗೂ ಅಷ್ಟೇ. ಅಂದರೆ ನಮ್ಮ ಭೋಗ್ಯ. ಒಂದೇ ಬೀದಿಯ ಇಬ್ಬರು ಒಂದೇ ಥರ ಕೇಳುವ ಪದ ಆಡಿ ಬೇರೆ ಬೇರೆ ಅರ್ಥ ಮಾಡಿಕೊಳ್ಳಬಹುದು. ಅದಕ್ಕೇ ಕೈಪಿಡಿಯಲ್ಲಿ ಒತ್ತೆಯನ್ನು ಬಿಟ್ಟಿದ್ದೇನೆ. ಎಲ್ಲ ಬಗೆಗೂ ಸಲ್ಲುವ ಪದವಾಗಿ 'ಈಡು' ಇಟ್ಟುಕೊಂಡಿದ್ದೇನೆ. ಸಾಲಕ್ಕೆ ಏನು ಈಡು ಕೊಡುತ್ತೀರಿ ಅಂದರೆ ಯಾರಿಗಾದರೂ ಗೊತ್ತಾಗುತ್ತದೆ.

ಪತ್ರ ಇಟ್ಟು ಸಾಲ ತೆಗೆಯುವುದಕ್ಕೆ ಬ್ಯಾಂಕಿನವರು 'ಸಮನ್ಯಾಯಿಕ ಅಡಮಾನ' ಅಂತ ಬರೆಯುತ್ತಾರೆ. ಇದನ್ನು ಓದಿ ಯಾರಿಗೂ ಏನೂ ತಿಳಿಯುವುದಿಲ್ಲ. 'ಪತ್ರ ಇಟ್ಟು ಸಾಲ' ಅಂತಲೇ ಬರೆದರೆ ಆಯಿತು. 59ನೇ ಸೆಕ್ಷನ್ನಿನ ನೋಂದಣಿ ನಿಯಮದಿಂದ ಇದೊಂದಕ್ಕೆ ವಿನಾಯಿತಿ ಇದೆ. ಆದ್ದರಿಂದ ನೋಂದಣಿಯಾದ ವ್ಯವಹಾರಗಳನ್ನಷ್ಟೇ ತೋರಿಸುವ ಇಸಿಯನ್ನು (ಋಣಭಾರ ಪ್ರಮಾಣಪತ್ರ) ಮಾತ್ರ ನೋಡಿ 'ಜಾಗದ ಮೇಲೆ ಸಾಲ ಇಲ್ಲ' ಎಂದುಕೊಳ್ಳುವುದು ಸಾಲದು, ಮೂಲ ಪತ್ರಗಳನ್ನು ಕಣ್ಣಾರೆ ನೋಡಬೇಕು. ಸಾಲ ತೀರಿದ ಮೇಲೆ 30 ದಿನದೊಳಗೆ ಬ್ಯಾಂಕು ಮೂಲ ಪತ್ರ ವಾಪಸ್ ಕೊಡಬೇಕು, ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್ 1ರಿಂದ ಇದೆ. ಇದನ್ನು ದಪ್ಪ ಅಕ್ಷರದಲ್ಲಿ ಹಾಕುತ್ತೇವೆ.

ಷರತ್ತಿನ ಕ್ರಯದ ಬಗ್ಗೆ ಒಂದೇ ಮಾತು. ಮೇಲೆ ಕ್ರಯ, ಒಳಗೆ ಸಾಲ. ದುಡ್ಡು ವಾಪಸ್ ಕೊಟ್ಟರೆ ಜಾಗ ವಾಪಸ್ ಎಂಬ ಷರತ್ತು ಆ ಕ್ರಯಪತ್ರದಲ್ಲೇ ಇದ್ದರೆ ಮಾತ್ರ ಅದು ಅಡಮಾನ. 1929ರ ತಿದ್ದುಪಡಿಯಿಂದ ಹೀಗೆ. ಬೇರೆ ಕಾಗದದಲ್ಲಿ ಬರೆದುಕೊಂಡವರು ಜಾಗ ಕಳೆದುಕೊಳ್ಳಬಹುದು.

ಈಗ ನನಗೆ ಎಲ್ಲಕ್ಕಿಂತ ಜಾಸ್ತಿ ತಲೆ ತಿನ್ನುತ್ತಿರುವ ಪದ: ರಿಡೀಮ್ಡ್. ಸಾಲ ತೀರಿಸಿ ಜಾಗ ಬಿಡಿಸಿಕೊಳ್ಳುವುದಕ್ಕೆ ಕಾನೂನು ಕನ್ನಡದಲ್ಲಿ 'ಅಡಮಾನ ವಿಮೋಚನೆ' ಅನ್ನುತ್ತಾರೆ. ಕೊಡಗಿನ ದಾಖಲೆಗಳಲ್ಲೂ ರಿಡೀಮ್ಡ್, ಅನ್‌ರಿಡೀಮ್ಡ್ ಅಂತ ಇರುತ್ತದೆ. ಅದಕ್ಕೂ ಸಾಲಕ್ಕೂ ಯಾವ ಸಂಬಂಧವೂ ಇಲ್ಲ. ಇಲ್ಲಿ ಅದು ಮರದ ವಿಷಯ. ಜಾಗದಲ್ಲಿರುವ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಹಕ್ಕು ಪಡೆದಿದ್ದರೆ ರಿಡೀಮ್ಡ್. ಕಟ್ಟದಿದ್ದರೆ ಅನ್‌ರಿಡೀಮ್ಡ್, ತೋಟ ನಿಮ್ಮದಾದರೂ ಅಲ್ಲಿನ ಬೀಟೆ ಮರ ನಿಮ್ಮದಲ್ಲ. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಸೆಕ್ಷನ್ನುಗಳು ಹೋದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹೊರಗಿನಿಂದ ಬಂದು ತೋಟ ನೋಡುವವರು 'ರಿಡೀಮ್ಡ್ ಅಂತ ಇದೆ, ಅಂದರೆ ಸಾಲ ಎಲ್ಲ ತೀರಿದೆ' ಎಂದುಕೊಂಡರೆ ಆಶ್ಚರ್ಯ ಏನಿಲ್ಲ. ಅನ್‌ರಿಡೀಮ್ಡ್ ಜಾಗದ ಬೆಲೆ ಕಟ್ಟುವಾಗ ಮರದ ಲೆಕ್ಕ ಸೇರಿಸಿ ದುಡ್ಡು ಕೊಟ್ಟರೆ ಅದು ನೇರ ನಷ್ಟ. ನಮ್ಮ ಕರಡಿನಲ್ಲಿ ಒಬ್ಬರು ರಿಡೀಮ್ಡ್ ಸಾಗು ಜಾಗಕ್ಕೆ (ಸಾಗು ಅಂದರೆ ಇಲ್ಲಿನ ಒಂದು ಬಗೆಯ ಜಮೀನು) 'ವಿಮೋಚಿತ ಸಾಗು' ಅಂತ ಬರೆದಿದ್ದರು. ನನಗೆ ಒಪ್ಪಿಗೆ ಆಗಲಿಲ್ಲ, ಅದು ತಪ್ಪು ತಿಳಿವಳಿಕೆಯನ್ನು ಗಟ್ಟಿ ಮಾಡುತ್ತದೆ. ದಾಖಲೆಯಲ್ಲಿರುವ ಹಾಗೆ ರಿಡೀಮ್ಡ್ ಅಂತಲೇ ಉಳಿಸಿ, ಪಕ್ಕದಲ್ಲಿ 'ಮರದ ಬೆಲೆ ಕಟ್ಟಿದ ಜಾಗ' ಎಂದು ಬರೆಯುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಜಮ್ಮಾ ಬಾಣೆಗೆ, ಅಂದರೆ ಕೊಡಗಿನಲ್ಲಿ ಒಕ್ಕಕ್ಕೆ (ಮನೆತನಕ್ಕೆ) ವಂಶಪಾರಂಪರ್ಯವಾಗಿ ಬಂದ ಜಾಗಕ್ಕೆ, 'ಮಾಲೀಕ' ಎಂಬ ಪದವೂ ಕೂರುವುದಿಲ್ಲ. ಪಹಣಿಯಲ್ಲಿ ಒಕ್ಕದ ಮುಖ್ಯಸ್ಥನಾದ ಪಟ್ಟೆದಾರನ ಹೆಸರು, ಜೊತೆಗೆ ಒಕ್ಕದವರ ಹೆಸರುಗಳು. ಒಬ್ಬನೇ ಹೋಗಿ ಈಡು ಕೊಡುತ್ತೇನೆ ಅಂದರೆ ಬ್ಯಾಂಕು ಎಲ್ಲರ ಒಪ್ಪಿಗೆ ಕೇಳುತ್ತದೆ. ಇಲ್ಲಿ 'ಹಕ್ಕುದಾರರು' ಅಂತ ಬಹುವಚನದಲ್ಲೇ ಬರೆದಿದ್ದೇನೆ.

ಇನ್ನು 'ಮನೆ ಸಾಲ'. ಇದರಲ್ಲಿ ಎರಡು ಅರ್ಥ ಬೆರೆತಿವೆ, ಬಿಡಿಸಲು ಕನ್ನಡದಲ್ಲಿ ಸುಲಭದ ದಾರಿಯೂ ಇದೆ. ಕೊಳ್ಳಲು ತೆಗೆದದ್ದು 'ಮನೆಗೆ ಸಾಲ', ಇರುವ ಮನೆಯನ್ನು ಈಡು ಕೊಟ್ಟು ತೆಗೆದದ್ದು 'ಮನೆ ಮೇಲೆ ಸಾಲ'. ಎರಡನೆಯದಕ್ಕೆ ಸಾಮಾನ್ಯವಾಗಿ ಬಡ್ಡಿ ಜಾಸ್ತಿ. ಊರಿನ ಮನೆ ಮೇಲೆ ಸಾಲ ತೆಗೆದು ಇನ್ನೊಂದು ಸೈಟಿಗೆ ಹಾಕುವವರಿಗೆ ಈ ವ್ಯತ್ಯಾಸ ಮೊದಲ ಪುಟದಲ್ಲೇ ಗೊತ್ತಾಗಬೇಕು. ಮಾರ್ಜಿನ್ ಅನ್ನುವುದನ್ನು 'ಅಂಚು ಹಣ' ಅಂತ ಬರೆಯುವುದು ಬೇಡ, 'ಕೈಯಿಂದ ಹಾಕುವ ಪಾಲು' ಸಾಕು. ರಿಸರ್ವ್ ಬ್ಯಾಂಕ್ ಮಿತಿಯಂತೆ 30 ಲಕ್ಷದವರೆಗಿನ ಗೃಹಸಾಲಕ್ಕೆ ಮನೆ ಬೆಲೆಯ ಶೇ 90, 30ರಿಂದ 75 ಲಕ್ಷದವರೆಗೆ ಶೇ 80, ಅದಕ್ಕೆ ಮೇಲೆ ಶೇ 75. ಅಂದರೆ 50 ಲಕ್ಷದ ಮನೆಗೆ ಹೆಚ್ಚೆಂದರೆ 40 ಲಕ್ಷ ಸಿಗಬಹುದು, ಉಳಿದ 10 ಲಕ್ಷವೂ ಸ್ಟಾಂಪ್, ನೋಂದಣಿ ಖರ್ಚೂ ಕೈಯಿಂದ.

ನಿಮ್ಮಿಂದ ಬೇಕಾದದ್ದು ಇಷ್ಟು. ಹುಬ್ಬಳ್ಳಿ, ಕಲಬುರಗಿ ಕಡೆಯವರು ಅಡವು ಮತ್ತು ಒತ್ತಿಯನ್ನು ಜಮೀನಿಗೆ ಯಾವ ಅರ್ಥದಲ್ಲಿ ಬಳಸುತ್ತೀರಿ, ಸ್ವಾಧೀನ ಕೊಟ್ಟಾ, ಕೊಡದೆಯಾ? ಮಂಗಳೂರು, ಪುತ್ತೂರಿನವರು ಭೋಗ್ಯಕ್ಕೆ ಬೇರೆ ಮಾತು ಆಡುತ್ತೀರಾ? ಸೋಮವಾರಪೇಟೆ, ಶನಿವಾರಸಂತೆಯ ಹಿರಿಯರ ಬಾಯಲ್ಲಿ 'ಈಡು' ಇನ್ನೂ ಇದೆಯಾ? ಹಳೆಯ ಪತ್ರಗಳಲ್ಲಿ ಈ ಪದಗಳು ಬಂದಿರುವ ಸಾಲುಗಳಿದ್ದರೆ, ಹೆಸರು ಮತ್ತು ಸರ್ವೆ ನಂಬರ್ ತೆಗೆದು, ಸಾಲನ್ನು ಮಾತ್ರ ಇಲ್ಲಿ ಹಾಕಿ.